ತಲೆಗೆ ಪೆಟ್ಟಾದ ಮಗುವಿಗೆ ಮಾತು ತಡವರಿಸಿದರೆ

ಬಾಗಲಕೋಟೆಯಲ್ಲಿ ನಮ್ಮ ಅಕ್ಕನ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಓಡಾಡತೊಡಗಿದರೂ ಮಾತು ಬರಲಿಲ್ಲ. ನಾವೆಲ್ಲ ಸುಮ್ನೆ ‘ಹೇಳು, ಹೇಳು’ ಅಂತ ಬೆನ್ನು ಹತ್ತಿದ್ದೇ ತಪ್ಪು.

ಸ್ಪೀಚ್ ಥೆರಪಿಸ್ಟ್ ಕಲಿಸಿದ್ದು ಇದು. ಟಿವಿ ಆಫ್ ಮಾಡಿ, ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಾ ಮನಸ್ಸಿನಲ್ಲೇ 10ರವರೆಗೆ ಎಣಿಸಿ. ‘ಏನು ಬೇಕು?’ ಅನ್ನುವ ಬದಲು ರೊಟ್ಟಿ, ಅನ್ನ ಎರಡನ್ನೂ ಮುಂದೆ ಹಿಡಿದು ‘ಯಾವುದು?’ ಅನ್ನಿ. ಅವನು ಮೊದಲು ಬೆರಳು ತೋರಿಸುತ್ತಿದ್ದ. ಅದೂ ಉತ್ತರವೇ ಅಲ್ವಾ? ಒಂದಿನ ‘ರೊ...’ ಅಂದ. ಅಕ್ಕ ಪದ ಮುಗಿಸಲು ಬಾಯಿ ತೆರೆದಳು, ನಾನು ಕೈ ಹಿಡಿದು ತಡೆದೆ. ‘ಟ್ಟಿ’ ಅವನೇ ಅಂದ!

ಇಂಥ ಮಕ್ಕಳು ಬೇಗ ದಣಿಯುತ್ತಾರೆ, ಜಾಸ್ತಿ ಎಳೆಯಬೇಡಿ. ಕಿವಿ ಪರೀಕ್ಷೆಯನ್ನೂ ಮಾಡಿಸಿ, ಪೆಟ್ಟಿನಿಂದ ಕೇಳಿಸುವುದೂ ಕಮ್ಮಿಯಾಗಿರಬಹುದು. ಬಂದಿದ್ದ ಮಾತು ಮತ್ತೆ ತೊದಲಿದರೆ, ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.