ಲೋಡು ಕಟ್ಟುವುದು ಆರ್‌ಟಿಒಗಾಗಿ ಅಲ್ಲ, ಬ್ರೇಕಿಗಾಗಿ

ಲಾರಿ ಓಡಿಸುವವರ ಹತ್ತಿರ ಲೋಡು ಕಟ್ಟುವ ಮಾತು ಎತ್ತಿ ನೋಡಿ. ಎರಡು ಉತ್ತರ ಗ್ಯಾರಂಟಿ ಬರುತ್ತದೆ. ಒಂದು, "ಇಷ್ಟು ಭಾರ ಇದೆ, ಎಲ್ಲಿಗೆ ಹೋಗತ್ತೆ ಬಿಡಿ ಸಾರ್." ಇನ್ನೊಂದು, "ಆರ್‌ಟಿಒದವರು ತೂಕ ನೋಡ್ತಾರೆ, ಎತ್ತರ ನೋಡ್ತಾರೆ, ಹಗ್ಗ ಯಾರು ನೋಡ್ತಾರೆ?" ಎರಡನೇ ಮಾತು ಬಹುಪಾಲು ನಿಜ. ಮೊದಲನೇದು ಮಾತ್ರ ಪೂರ್ತಿ ತಪ್ಪು. ಆ ತಪ್ಪಿನಿಂದಲೇ ಕ್ಯಾಬಿನ್ನು ಜಜ್ಜಿ ಹೋಗುತ್ತದೆ.

ಭಾರ ಇದ್ದರೆ ಸಾಮಾನು ಅಲ್ಲಾಡುವುದಿಲ್ಲ ಅನ್ನುವುದು ಗಾಡಿ ನಿಂತಿರುವಾಗಿನ ಮಾತು. ಓಡುವಾಗ ಸಾಮಾನೂ ಗಾಡಿಯಷ್ಟೇ ಸ್ಪೀಡಿನಲ್ಲಿ ಓಡುತ್ತಿರುತ್ತದೆ. ನೀವು ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಸಾಮಾನಿಗೆ ಬ್ರೇಕ್ ಇಲ್ಲವಲ್ಲ. ಯುರೋಪಿನ ದೇಶಗಳು ಇದಕ್ಕೆ ಸರಳವಾದ ಒಂದು ಲೆಕ್ಕ ಇಟ್ಟುಕೊಂಡಿವೆ: ಮುಂದಕ್ಕೆ ಸಾಮಾನಿನ ತೂಕದ ಶೇ 80ರಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ 50ರಷ್ಟು ತಳ್ಳಾಟ ತಡೆಯುವ ಹಾಗೆ ಕಟ್ಟಿರಬೇಕು. ಅಂದರೆ 10 ಟನ್ ಮೆಷಿನ್ ಜೋರು ಬ್ರೇಕಿಗೆ 8 ಟನ್ ಬಲದಲ್ಲಿ ಕ್ಯಾಬಿನ್ ಕಡೆ ನುಗ್ಗುತ್ತದೆ. ಒಣಗಿದ ಹಲಗೆಯ ಮೇಲೆ ಮರದ ಪ್ಯಾಲೆಟ್ (ಸಾಮಾನು ಕೂರಿಸುವ ಚೌಕಟ್ಟು) ಇದ್ದರೆ ಉಜ್ಜಾಟವೇ ಸುಮಾರು 4 ಟನ್ ಹಿಡಿಯುತ್ತದೆ. ಉಳಿದ 4 ಟನ್ನನ್ನು ನೀವು ಹಿಡಿಯಬೇಕು. ಕಬ್ಬಿಣದ ಮೇಲೆ ಕಬ್ಬಿಣ, ನಡುವೆ ಒಂದಿಷ್ಟು ಆಯಿಲ್ ಚೆಲ್ಲಿದ್ದರೆ ಉಜ್ಜಾಟ ಹಿಡಿಯುವುದು ಒಂದು ಟನ್ನೋ ಎರಡು ಟನ್ನೋ, ಅಷ್ಟೇ. ಭಾರ ಹೆಚ್ಚಾದರೆ ಹಿಡಿತ ಎಷ್ಟು ಹೆಚ್ಚುತ್ತದೋ ನುಗ್ಗುವ ಬಲವೂ ಅಷ್ಟೇ ಹೆಚ್ಚುತ್ತದೆ, ಹಾಗಾಗಿ ಭಾರದಿಂದ ಲಾಭ ಏನೂ ಇಲ್ಲ.

ಈಗ ಕೆಲಸಕ್ಕೆ ಬರೋಣ.

ತುಂಬುವ ಮೊದಲು

ಮೊದಲು ಪೊರಕೆ ಹಿಡಿಯಿರಿ. ತಮಾಷೆ ಅಲ್ಲ. ಹಿಂದಿನ ಟ್ರಿಪ್ಪಿನ ಮರಳು, ಜಲ್ಲಿ ಪುಡಿ, ಆಯಿಲ್ ಕಲೆ ಹಾಗೇ ಇದ್ದರೆ ಮೇಲೆ ಎಷ್ಟು ಬಿಗಿದರೂ ಕೆಳಗೆ ಜಾರುತ್ತದೆ. ಹಲಗೆ ಮುರಿದಿದೆಯಾ, ಹಗ್ಗ ಹಾಕುವ ಕೊಕ್ಕೆಗಳ ವೆಲ್ಡಿಂಗ್ ಬಿಟ್ಟಿದೆಯಾ, ಕ್ಯಾಬಿನ್ ಹಿಂದಿನ ತಡೆಗೋಡೆ ಗಟ್ಟಿ ಇದೆಯಾ ನೋಡಿ. ಸಿಮೆಂಟ್ ಚೀಲ, ಪೈಪು, ಮೆಷಿನ್ನು ಏನೇ ಇರಲಿ, ಮುಂದಕ್ಕೆ ನುಗ್ಗಿದರೆ ನಿಮಗೂ ಅದಕ್ಕೂ ನಡುವೆ ಇರುವುದು ಆ ಗೋಡೆ ಒಂದೇ.

ಆಮೇಲೆ ತೂಕ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ (ಚಕ್ರಗಳ ಅಚ್ಚು) ತೂಕದ ಮಿತಿ ಏರಿಸಿತು. ಎರಡು ಆಕ್ಸಲ್ ಲಾರಿಗೆ ಮೊದಲು 16.2 ಟನ್ ಇದ್ದದ್ದು 18.5 ಆಯಿತು, ಮೂರು ಆಕ್ಸಲ್ಲಿಗೆ 25 ಇದ್ದದ್ದು 28.5. ಇದು ಗಾಡಿ ಮತ್ತು ಲೋಡು ಎರಡೂ ಸೇರಿದ ತೂಕ. "18 ಟನ್ ಲೋಡು ಹಾಕಬಹುದಂತೆ" ಅಂತ ತಿಳಿದುಕೊಂಡವರು ಇನ್ನೂ ಇದ್ದಾರೆ. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದೇ ನಿಮ್ಮ ಲೋಡು. ಬಾಡಿ ಬದಲಾಯಿಸಿ ಗಟ್ಟಿ ಮಾಡಿಸಿದ್ದರೆ ಖಾಲಿ ಗಾಡಿಯನ್ನೂ ಒಮ್ಮೆ ವೇ ಬ್ರಿಡ್ಜ್ (ಗಾಡಿ ತೂಗುವ ಕಾಟಾ) ಹತ್ತಿಸುವುದು ಒಳ್ಳೇದು.

ಎಲ್ಲಿ ಇಡಬೇಕು

ಭಾರದ್ದು ಕೆಳಗೆ, ಹಗುರದ್ದು ಮೇಲೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎರಡು ಪಾರ್ಟಿಗಳ (ಮಾಲು ಕಳಿಸುವವರ) ಸಾಮಾನು ಇದ್ದಾಗ ಮೊದಲು ಇಳಿಸಬೇಕಾದದ್ದು ಭಾರ ಇದ್ದರೂ ಮೇಲೇ ಕೂರುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಗಾಡಿ ಯಾಕೆ ಒಂದು ಕಡೆ ವಾಲುತ್ತದೆ ಅಂತ ಆಮೇಲೆ ತಲೆ ಕೆಡಿಸಿಕೊಂಡರೆ ಪ್ರಯೋಜನ ಇಲ್ಲ. ಎಡ ಬಲ ಸಮ ಇರಲಿ. ಹಿಂದೆ ತೀರಾ ಭಾರ ಬಿದ್ದರೆ ಸ್ಟೇರಿಂಗ್ ಹಗುರಾಗುತ್ತದೆ, ಏರಿನಲ್ಲಿ ಕೈಗೇ ಗೊತ್ತಾಗುತ್ತದೆ.

ಸಾಮಾನನ್ನು ಮುಂದಿನ ತಡೆಗೋಡೆಗೆ ತಾಗಿಸಿ ಇಡಿ. ಹಾಗೆ ಇಟ್ಟರೆ ಮುಂದಿನ ಆಕ್ಸಲ್ಲಿಗೆ ಭಾರ ಜಾಸ್ತಿ ಆಗುತ್ತದೆ ಅಂತಾದರೆ ಹಿಂದೆ ಸರಿಸಿ, ಆದರೆ ನಡುವೆ ಉಳಿದ ಜಾಗವನ್ನು ಖಾಲಿ ಪ್ಯಾಲೆಟ್, ಮರದ ದಿಮ್ಮಿ, ಏನು ಸಿಗುತ್ತದೋ ಅದರಿಂದ ಬಿಗಿಯಾಗಿ ತುಂಬಿ. ಖಾಲಿ ಜಾಗ ಬಿಟ್ಟರೆ ಸಾಮಾನಿಗೆ ಓಡಿ ಬಂದು ಗುದ್ದಲು ನೀವೇ ದಾರಿ ಮಾಡಿಕೊಟ್ಟ ಹಾಗೆ.

ಚೀಲದ ಲೋಡಾದರೆ ಇಟ್ಟಿಗೆ ಗೋಡೆ ಕಟ್ಟಿದಂತೆ ಸಾಲು ತಪ್ಪಿಸಿ ಜೋಡಿಸಬೇಕು, ಒಂದು ಸಾಲು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ. ಎಪಿಎಂಸಿ ಯಾರ್ಡಿನ ಹಳೇ ಹಮಾಲರಿಗೆ ಇದನ್ನು ಹೇಳಿಕೊಡುವುದು ಬೇಡ, ಅವರ ಕೈಗೇ ಬರುತ್ತದೆ. ಬಾಡಿಯ ಪಕ್ಕದ ಹಲಗೆಗಿಂತ ಮೇಲೆ ಹೋದ ಹಾಗೆ ಪ್ರತಿ ಸಾಲೂ ಸ್ವಲ್ಪ ಒಳಕ್ಕೆ ಬರಲಿ. ಒಟ್ಟು ಎತ್ತರ ನೆಲದಿಂದ 4 ಮೀಟರ್ ದಾಟಬಾರದು. ಭತ್ತದ ಹುಲ್ಲಿನ ಲೋಡಿನವರಿಗೆ ಈ ಮಾತು ಹೇಳಿದರೆ ನಗುತ್ತಾರೆ, ಕರೆಂಟ್ ವಯರ್ ತಾಗಿ ಗಾಡಿಯೇ ಸುಟ್ಟ ಸುದ್ದಿ ಪ್ರತಿ ಸುಗ್ಗಿಯಲ್ಲೂ ಓದಿದರೂ ನಗುತ್ತಾರೆ.

ಕಟ್ಟುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಂಗಡಿಯಲ್ಲಿ "5 ಟನ್ ಬೆಲ್ಟು" ಅಂತ ರ್ಯಾಚೆಟ್ ಬೆಲ್ಟ್ (ಹಿಡಿ ತಿರುಗಿಸಿ ಬಿಗಿಯುವ ಪಟ್ಟಿ) ಕೊಡುತ್ತಾರೆ. ಸಾಮಾನ್ಯವಾಗಿ ಅದು ಬೆಲ್ಟ್ ಹರಿದು ಹೋಗುವ ಲೆಕ್ಕ. ಅಷ್ಟು ಭಾರ ಹಿಡಿಯುತ್ತದೆ ಅಂತ ಅಲ್ಲ. ಸಾಮಾನಿನ ಮೇಲಿಂದ ಬೆಲ್ಟ್ ಹಾಸಿ ಕೈಯಲ್ಲಿ ರ್ಯಾಚೆಟ್ ತಿರುಗಿಸಿದಾಗ ಬರುವ ಎಳೆತ 300 ಕೆಜಿಯ ಆಸುಪಾಸು, ತುಂಬಾ ಒಳ್ಳೆಯ ರ್ಯಾಚೆಟ್ ಆದರೆ 500. ಎರಡೂ ಬದಿ ಸೇರಿದರೆ ಒಂದು ಬೆಲ್ಟು ಸಾಮಾನನ್ನು ಕೆಳಕ್ಕೆ ಒತ್ತುವುದು 600 ಕೆಜಿ, ಹೆಚ್ಚೆಂದರೆ ಸಾವಿರ. ಆ ಒತ್ತಡದಿಂದ ಸಿಗುವ ಹಿಡಿತ ಮರದ ಮೇಲೆ 240ರಿಂದ 400 ಕೆಜಿ ಮಾತ್ರ. ಮೇಲೆ ಹೇಳಿದ 10 ಟನ್ ಮೆಷಿನ್ನಿಗೆ ಬಾಕಿ 4 ಟನ್ ಹಿಡಿಯಬೇಕಿತ್ತಲ್ಲ? ಬರೀ ಮೇಲಿಂದ ಹಾಕಿದ ಬೆಲ್ಟಿನಲ್ಲಿ ಹಿಡಿಯಲು ಹತ್ತು ಬೆಲ್ಟೂ ಸಾಕಾಗದೆ ಹೋಗಬಹುದು. ಬರೀ ಕೈಯಲ್ಲಿ ಎಳೆದ ಹಗ್ಗದ ಕಥೆ ಬಿಡಿ.

ಅದಕ್ಕೇ ಮೊದಲು ತಡೆ, ಆಮೇಲೆ ಕಟ್ಟು. ಮುಂದೆ ಹಿಂದೆ ಮರದ ಅಡ್ಡಪಟ್ಟಿ ಹೊಡೆಯಿರಿ, ಉರುಳುವ ಸಾಮಾನಿಗೆ ಎರಡೂ ಕಡೆ ಬೆಣೆ ಕೊಡಿ. ಮೆಷಿನ್ನಿಗೆ ಮೇಲಿಂದ ಹಾಸುವ ಬದಲು ನಾಲ್ಕು ಮೂಲೆಯಿಂದ ಚೈನ್ ಎಳೆದು ಬಾಡಿಗೆ ನೇರ ಬಿಗಿದರೆ ಚೈನಿನ ಬಹುಪಾಲು ಶಕ್ತಿ ಕೆಲಸಕ್ಕೆ ಬರುತ್ತದೆ. ಕೆಳಗೆ ರಬ್ಬರ್ ಮ್ಯಾಟ್ ಹಾಕಿದರೆ ಹಿಡಿತ ಶೇ 40ರಿಂದ 60ರ ಹತ್ತಿರ ಏರುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಕಾಣುವುದಿಲ್ಲ.

ಮೇಲಿಂದ ಹಾಸುವ ಬೆಲ್ಟ್ ನೆಟ್ಟಗೆ ಕೆಳಕ್ಕೆ ಇಳಿದಷ್ಟೂ ಒಳ್ಳೇದು. ತಗ್ಗಿನ ಸಾಮಾನಿನ ಮೇಲೆ ಹಾಸಿ, ಬೆಲ್ಟು ನೆಲಕ್ಕೆ 30 ಡಿಗ್ರಿ ಓರೆಯಲ್ಲಿ ಹೋದರೆ ಒತ್ತಡ ಅರ್ಧಕ್ಕೆ ಅರ್ಧ ಖೋತಾ. ಚೂಪು ಅಂಚಿಗೆ ಹಳೇ ಟೈರಿನ ತುಂಡೋ ದಪ್ಪ ರಟ್ಟೋ ಕೊಡಿ. ಬೆಲ್ಟಿಗೆ ಗಂಟು ಹಾಕಬೇಡಿ. ಗಂಟು ಬಿದ್ದ ಬೆಲ್ಟು ಅಲ್ಲೇ ಹರಿಯುತ್ತದೆ. ನೈಲಾನ್ ಹಗ್ಗ ಒದ್ದೆಯಾದರೆ ಸಡಿಲ ಆಗುತ್ತದೆ, ನಾರಿನ ಹಗ್ಗ ಒದ್ದೆಯಾದರೆ ಬಿಗಿದುಕೊಂಡು ಒಣಗಿದ ಮೇಲೆ ಜೋಲುತ್ತದೆ. ಮಲೆನಾಡಿನ ಮಳೆಯಲ್ಲಿ ಎರಡನ್ನೂ ನಂಬುವ ಹಾಗಿಲ್ಲ.

ಸಾಮಾನು ಬದಲಾದರೆ ಕಟ್ಟುವುದೂ ಬದಲಾಗುತ್ತದೆ. ತೋರಣಗಲ್ಲಿನ ಕಡೆಯಿಂದ ಬರುವ ಸ್ಟೀಲ್ ಕಾಯಿಲ್‌ಗಳನ್ನು ನೋಡಿರುತ್ತೀರಿ, ಒಂದೊಂದೇ ಹತ್ತಾರು ಟನ್. ಅದಕ್ಕೆ ತೊಟ್ಟಿಲಿನಂಥ ತಡೆ ಕೆಳಗೆ ಇರಬೇಕು, ಚೈನು ಕಾಯಿಲಿನ ನಡುವಿನ ತೂತಿನಿಂದ ಹಾದು ಬರಬೇಕು. ಎರಡು ಕಲ್ಲು ಕೊಟ್ಟು ಹೊರಡುವ ಸಾಮಾನು ಅದಲ್ಲ. ಪೈಪಿಗೆ ಪಕ್ಕದಲ್ಲಿ ಗೂಟಗಳು, ನಡುವೆ ನಡುವೆ ಇಡೀ ಕಟ್ಟನ್ನೇ ಸುತ್ತಿ ಬಿಗಿದ ಬೆಲ್ಟು. ಗ್ರಾನೈಟ್ ಸ್ಲ್ಯಾಬು ಓರೆಯಾಗಿ ಫ್ರೇಮಿಗೆ ಒರಗಿಸಿ, ಎರಡೂ ಬದಿ ಸಮ ತೂಕ. ಕಂಟೇನರ್ ಆದರೆ ನಾಲ್ಕೂ ಮೂಲೆಯ ಟ್ವಿಸ್ಟ್ ಲಾಕ್ ತಿರುಗಿಸಿ. ಎರಡು ಹಾಕಿ ಎರಡು ಬಿಡುವುದು ಬೇಡ.

ಕಂಬಿ ಹಿಂದೆ ಚಾಚಿಕೊಂಡು ಹೋಗುವ ಲಾರಿಗಳ ಬಗ್ಗೆ ಒಂದು ಮಾತು. ಬಾಡಿಯ ಹಿಂಬದಿಗೆ ಒಂದು ಮೀಟರ್ ತನಕ ಚಾಚಲು ಮೊದಲು ನಿಯಮದಲ್ಲಿ ಅವಕಾಶ ಇತ್ತು, ಈಗ ಇಲ್ಲ. ಕೆಂಪು ಬಟ್ಟೆ ಕಟ್ಟಿದರೆ ಸರಿಹೋಗುತ್ತದೆ ಅನ್ನುವುದು ಹಳೇ ಕಾಲದ ನಂಬಿಕೆ. ಹಿಂದೆ ಬರುವ ಬೈಕಿನವನಿಗೆ ರಾತ್ರಿ ಕಾಣುವುದು ಬಟ್ಟೆ ಅಲ್ಲ, ಕಂಬಿಯೂ ಅಲ್ಲ.

ಟಾರ್ಪಾಲನ್ನು ಕಟ್ಟಿನ ಲೆಕ್ಕಕ್ಕೆ ಹಿಡಿಯಬೇಡಿ. ಅದು ಮಳೆಗೆ, ಧೂಳಿಗೆ. ಮರಳು, ಅದಿರು, ಜಲ್ಲಿಗೆ ಅದು ಇರಲೇಬೇಕು, ಎರಡು ಟಾರ್ಪಾಲಾದರೆ ಮುಂದಿನದರ ತುದಿ ಹಿಂದಿನದರ ಮೇಲೆ ಬರುವ ಹಾಗೆ ಹಾಸಿ. ಇಲ್ಲದಿದ್ದರೆ ಗಾಳಿ ಒಳಹೊಕ್ಕು ಎತ್ತಿ ಹರಿಯುತ್ತದೆ.

ಇನ್ನು ಲೋಡಿನ ಮೇಲೆ ಜನ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ತುಂಬಿಕೊಂಡು ಹೊರಟ ಲಾರಿ ಯಲ್ಲಾಪುರದ ಅರೆಬೈಲ್ ಘಟ್ಟದ ಹತ್ತಿರ ಕಣಿವೆಗೆ ಉರುಳಿ 10 ಜನ ಸತ್ತರು. ಸತ್ತವರು ಲೋಡಿನ ಜೊತೆ ಹೊರಟಿದ್ದ ವ್ಯಾಪಾರಿಗಳು. ಮನುಷ್ಯರನ್ನು ಹಗ್ಗದಲ್ಲಿ ಕಟ್ಟಲು ಬರುವುದಿಲ್ಲ. "ಅಣ್ಣಾ, ಮುಂದಿನ ಊರಿನ ತನಕ ಅಷ್ಟೇ" ಅಂತ ಕೇಳಿದರೂ ಹತ್ತಿಸಬೇಡಿ.

ದಂಡದ ಲೆಕ್ಕ, ಚಾಲಕರ ಸಿಟ್ಟು

2019ರ ಸೆಪ್ಟೆಂಬರ್‌ನಿಂದ ಕಾನೂನಿನ ದಂಡ ಹೀಗಿದೆ. ಓವರ್‌ಲೋಡಿಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಮೂರು ಟನ್ ಜಾಸ್ತಿ ಇದ್ದರೆ 26,000. ಬಾಡಿಯಿಂದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದರೆ, ಇಲ್ಲವೇ ಎತ್ತರ ಮೀರಿದರೆ ಅದಕ್ಕೂ 20,000. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000. ಹೆಚ್ಚುವರಿ ಮಾಲು ಇಳಿಸುವ ತನಕ ಗಾಡಿ ಬಿಡುವ ಹಾಗಿಲ್ಲ, ಇಳಿಸುವ ಖರ್ಚೂ ನಿಮ್ಮದೇ.

ಚಾಲಕರಿಗೆ ಇದರ ಮೇಲೆ ಸಿಟ್ಟಿದೆ. ಸಿಟ್ಟಿಗೆ ಕಾರಣವೂ ಇದೆ. ಲೋಡು ಹಾಕಿಸುವುದು ಪಾರ್ಟಿ, ಒಪ್ಪಿಕೊಳ್ಳುವುದು ಮಾಲೀಕ, ರಾತ್ರಿ ಎರಡು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಕಾಗದ ಹಿಡಿದು ನಿಲ್ಲುವುದು ಮಾತ್ರ ತಿಂಗಳ ಸಂಬಳದ ಚಾಲಕ. ದಂಡವನ್ನು ಎಷ್ಟೋ ಮಾಲೀಕರು ಟೋಲಿನ ಹಾಗೆ ಖರ್ಚಿನ ಪಟ್ಟಿಗೆ ಬರೆದುಕೊಳ್ಳುತ್ತಾರೆ. ಎದುರಿಗೆ ಬರುವ ಗಾಡಿ ಹೆಡ್‌ಲೈಟ್ ಮಿಣುಕಿಸಿದರೆ "ಮುಂದೆ ಚೆಕಿಂಗ್ ಇದೆ" ಅಂತ ಅರ್ಥ, ಹೆದ್ದಾರಿಯಲ್ಲಿ ಓಡಾಡುವ ಯಾರಿಗೂ ಇದು ಹೊಸದಲ್ಲ. 2024ರ ಜನವರಿಯಲ್ಲಿ ಹಿಟ್ ಅಂಡ್ ರನ್‌ಗೆ (ಗುದ್ದಿ ಓಡಿ ಹೋಗುವುದಕ್ಕೆ) 10 ವರ್ಷದ ತನಕ ಜೈಲು ಅನ್ನುವ ಕಲಂ ವಿರುದ್ಧ ಚಾಲಕರು ದೇಶದ ಹಲವು ಕಡೆ ಗಾಡಿ ನಿಲ್ಲಿಸಿದರು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಡೀಸೆಲ್ ಬೆಲೆಯ ಜೊತೆ ಗಡಿಯ ಆರ್‌ಟಿಒ ಚೆಕ್‌ಪೋಸ್ಟ್ ತೆಗೆಯಿರಿ ಅನ್ನುವ ಬೇಡಿಕೆಯೂ ಇತ್ತು. ತಪಾಸಣೆ ಅಂದರೆ ಕಾಟ ಅಂತಲೇ ಈ ಕಸುಬಿನಲ್ಲಿ ಬಹಳ ಜನರ ಭಾವನೆ.

ನನ್ನ ತಕರಾರು ಬೇರೆ. ತಪಾಸಣೆಗೆ ಹೆದರಿ ಮಾಡುವ ಕೆಲಸ ಚೆಕ್‌ಪೋಸ್ಟ್ ದಾಟಿದ ಕೂಡಲೇ ಮುಗಿಯುತ್ತದೆ. ಹಗ್ಗವನ್ನು ಯಾವ ಅಧಿಕಾರಿಯೂ ಎಳೆದು ನೋಡುವುದಿಲ್ಲ ಅಂದಮೇಲೆ ಅದು ಪೂರ್ತಿ ಚಾಲಕನ ಕೈಯಲ್ಲೇ ಇದೆ. ಪಾರ್ಟಿ ಅದಕ್ಕೆ ಅಡ್ಡ ಬರುವುದಿಲ್ಲ, ಲಂಚ ಕೇಳುವವರಿಲ್ಲ. ಬೇಕಿರುವುದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಬಾಡಿಗೆಯಲ್ಲಿ ಯಾರೂ ಕೊಡುವುದಿಲ್ಲ ಅನ್ನುವುದೂ ನಿಜ, ಮಾಲೀಕರು ಮೊದಲು ಇದನ್ನು ಸರಿಮಾಡಲಿ.

"ಅಣ್ಣಾ, ಇನ್ನೊಂದು ಹತ್ತು ಚೀಲ ಹಾಕ್ಬಿಡ್ಲಾ?" ಅಂತ ಮೇಸ್ತ್ರಿ ಕೇಳಿದಾಗ ಜಗಳ ಬೇಡ, ವೇ ಬ್ರಿಡ್ಜ್ ಚೀಟಿ ತೋರಿಸಿ. ಓಡಿಸಿದವರಷ್ಟೇ ಅಲ್ಲ, ಓಡಿಸುವಂತೆ ಮಾಡಿದವರೂ ಓಡಿಸಲು ಬಿಟ್ಟವರೂ ಓವರ್‌ಲೋಡಿನ ಅದೇ ಕಲಂನಲ್ಲಿ ಹೊಣೆ ಅಂತ ಹೇಳಿ. ಲೋಡು ಮುಗಿದ ಮೇಲೆ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು ಮಾಲೀಕರಿಗೂ ಪಾರ್ಟಿಗೂ ವಾಟ್ಸಾಪ್ ಮಾಡಿ. ನಾಳೆ ಮಾಲು ಹಾಳಾಯಿತು ಅಂತ ಮಾತು ಬಂದರೆ ಇದೇ ದಾಖಲೆ.

ಹೊರಟ ಮೇಲೆ

ಮೊದಲ 10, 20 ಕಿಲೋಮೀಟರ್ ಒಳಗೆ ಒಮ್ಮೆ ನಿಲ್ಲಿಸಿ. ಚೀಲ ಕೂರುತ್ತದೆ, ಹಗ್ಗ ಸಡಿಲವಾಗುತ್ತದೆ, ಹೊಸ ನೈಲಾನ್ ಆದರೆ ಇನ್ನೂ ಬೇಗ. ಎಲ್ಲ ಬೆಲ್ಟನ್ನೂ ಕೈಯಲ್ಲಿ ತಟ್ಟಿ ನೋಡಿ ಬಿಗಿಯಿರಿ. ಚಾರ್ಮಾಡಿಯೋ ಶಿರಾಡಿಯೋ, ಘಾಟಿ ಇಳಿಯುವ ಮೊದಲು ಇನ್ನೊಮ್ಮೆ. ಟೀ ಕುಡಿಯಲು ಹೇಗೂ ನಿಲ್ಲಿಸುತ್ತೀರಲ್ವಾ, ಒಂದು ಸುತ್ತು ಹಾಕಿ. ಜೋರು ಬ್ರೇಕ್ ಹಾಕಬೇಕಾಗಿ ಬಂದಿದ್ದರೆ ಊಟಕ್ಕೆ ಕಾಯದೆ ಅಲ್ಲೇ ಪಕ್ಕಕ್ಕೆ ಹಾಕಿ ನೋಡಿ.

ಇಳಿಸುವಾಗ ಅವಸರ ಜಾಸ್ತಿ, ಕಾಲು ಮುರಿಯುವುದೂ ಆಗಲೇ. ದಾರಿಯಲ್ಲಿ ಸಾಮಾನು ಒಂದು ಕಡೆ ಒರಗಿಕೊಂಡಿರಬಹುದು. ಆ ಬದಿಯ ಬಾಗಿಲು ಮೊದಲು ತೆಗೆಯಬೇಡಿ. ಕೊಂಡಿ ಬಿಚ್ಚುವವನು ಬಾಗಿಲಿನ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲಲಿ, ಕ್ಲೀನರ್ ಹುಡುಗನನ್ನು ದೂರ ಕಳಿಸಿ. ಪೈಪಿನ ಲೋಡಿಗೆ ಎಲ್ಲ ಬೆಲ್ಟು ಒಟ್ಟಿಗೆ ಬಿಚ್ಚಬೇಡಿ, ಬೆಣೆ ಇದೆಯಾ ನೋಡಿಕೊಂಡು ಒಂದೊಂದಾಗಿ ಸಡಿಲಿಸಿ. ಬಿಚ್ಚಿದ ಬೆಲ್ಟಿನಲ್ಲಿ ಅಂಚು ಹರಿದದ್ದು, ಸುಟ್ಟ ಕಲೆ ಇದ್ದದ್ದು ಕಂಡರೆ ಅಲ್ಲೇ ಕತ್ತರಿಸಿ ಹಾಕಿ. ಹಾಗೇ ಮಡಚಿ ಟೂಲ್ ಬಾಕ್ಸಿನಲ್ಲಿಟ್ಟರೆ ಮುಂದಿನ ಲೋಡಿಗೆ ಯಾರೋ ಅದನ್ನೇ ಎತ್ತಿಕೊಳ್ಳುತ್ತಾರೆ.