ಕಡಲೆಗಿಂತ ಮೊದಲು ಕಣಿಕಿ: ಸೊರಗಿದ ಕುದುರೆಗೆ ಮೈ ಬರಿಸಿದ ನನ್ನ ಅನುಭವ

ಕುದುರೆ ಬಡಕಲಾಗಿದೆ ಅಂದರೆ ಸಾಕು, ನಮ್ಮ ಬೀದರ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಕಡ್ಲಿ ಹಾಕ್ರಿ, ಬೆಲ್ಲ ಹಾಕ್ರಿ, ಎಂಟು ದಿನದಾಗ ಮೈ ಹಿಡೀತದ." ಟಾಂಗಾ ಓಡುತ್ತಿದ್ದ ಕಾಲದ ಮಾತದು. ದಿನವೆಲ್ಲ ಗಾಡಿ ಎಳೆದು ಬರುವ ಗಟ್ಟಿ ಕುದುರೆಗೆ ನಡೆಯುತ್ತಿತ್ತು. ಪಕ್ಕೆಲುಬು ಎಣಿಸುವಂತಾದ ಕುದುರೆಗೆ ಕಾಳಿನಿಂದಲೇ ಶುರು ಮಾಡಿದರೆ ಮೈಗಿಂತ ಮೊದಲು ಹೊಟ್ಟೆಶೂಲೆ ಬರುತ್ತದೆ. ನಮ್ಮಪ್ಪ ಟಾಂಗಾ ಓಡಿಸಿದವರು, ನಾನು ಮದುವೆ ಮೆರವಣಿಗೆಗೆ ಕುದುರೆ ಕಳಿಸುವವನು. ನಮ್ಮ ಬಿಳಿ ಹೆಣ್ಣುಗುದುರೆಗೆ ಮೈ ಬಂದದ್ದು ಕಣಿಕಿಯಂಥ, ಅಂದರೆ ಜೋಳದ ಒಣದಂಟಿನಂಥ ಮೇವಿನಿಂದ, ಕಾಳು ಅದರ ಹಿಂದಿನಿಂದ ಬಂತು.

ಅದನ್ನು ತಂದದ್ದು ಮಾಳೇಗಾವ ಜಾತ್ರೆಯಲ್ಲಿ. ನಾಂದೇಡ ಜಿಲ್ಲೆ ಲೋಹಾ ತಾಲೂಕಿನ ಈ ಖಂಡೋಬನ ಜಾತ್ರೆಯ ಕುದುರೆ ಸಂತೆಗೆ ಬೀದರ, ಭಾಲ್ಕಿ, ಔರಾದ ಕಡೆಯವರೂ ಹೋಗುತ್ತೇವೆ. ಜಾತ್ರೆ ಚಳಿಗಾಲದಲ್ಲಿ ಬರುವುದರಿಂದ ಕುದುರೆಗಳ ಕೂದಲು ದಪ್ಪಗಿರುತ್ತದೆ, ಅದರಡಿ ಎಲುಬು ಮುಚ್ಚಿಹೋಗುತ್ತದೆ. ಆಗ ಕಣ್ಣನ್ನು ನಂಬಬಾರದು, ಅಂಗೈ ಒತ್ತಿ ನೋಡಬೇಕು. ಕುತ್ತಿಗೆ, ಭುಜದ ಹಿಂಭಾಗ, ಪಕ್ಕೆ, ಬೆನ್ನು, ಸೊಂಟ, ಬಾಲದ ಬುಡ. ಅಮೆರಿಕದ ಹೆನ್ನೆಕೆ ಎಂಬವರು 1983ರಲ್ಲಿ ಇದಕ್ಕೇ 1ರಿಂದ 9ರ ಅಂಕಪಟ್ಟಿ ಮಾಡಿಟ್ಟಿದ್ದಾರೆ. 1 ಅಂದರೆ ಬರೀ ಎಲುಬಿನ ಗೂಡು, 9 ಅಂದರೆ ಕೊಬ್ಬಿ ಉಬ್ಬಿದ್ದು, 5 ಹದವಾದ ಮೈ. ನಮ್ಮದು 2ಕ್ಕೂ 3ಕ್ಕೂ ನಡುವೆ ಇತ್ತು. ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿತ್ತು, ಬೆನ್ನೆಲುಬಿನ ಮೇಲೆ ಕೈಯಾಡಿಸಿದರೆ ಗಂಟುಗಂಟು ಸಿಗುತ್ತಿತ್ತು.

ತೂಕದ ಯಂತ್ರ ಯಾರ ಮನೆಯಲ್ಲಿರುತ್ತದೆ? ಟೇಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಸುಮಾರಾಗಿ ಕೆ.ಜಿ. ಸಿಗುತ್ತದೆ. ನಮ್ಮದರ ಸುತ್ತಳತೆ 148, ಉದ್ದ 140. ತೂಕ 258 ಕೆ.ಜಿ. ಬಂತು. ಐದೋ ಹತ್ತೋ ಕೆ.ಜಿ. ಹೆಚ್ಚುಕಡಿಮೆ ಆದರೆ ಚಿಂತೆಯಿಲ್ಲ. ಅದೇ ಟೇಪು, ಅದೇ ಜಾಗ, ಅದೇ ಹೊತ್ತಿನಲ್ಲಿ ಹದಿನೈದು ದಿನಕ್ಕೊಮ್ಮೆ ಅಳೆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ದಿನಾ ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ.

ಜಾತ್ರೆಯಿಂದ ತಂದ ಕುದುರೆಯನ್ನು ಮನೆಯ ಕುದುರೆಗಳ ಜೊತೆ ಕಟ್ಟಬೇಡಿ. ಗ್ಲ್ಯಾಂಡರ್ಸ್ ರೋಗ ಕುದುರೆಯಿಂದ ಮನುಷ್ಯನಿಗೂ ಹತ್ತುತ್ತದೆ, ರಕ್ತಪರೀಕ್ಷೆ ಆಗುವವರೆಗೆ ಬೇರೆ ಕಟ್ಟುವುದು ಒಳ್ಳೆಯದು. ಬಕೆಟ್ಟು, ಬ್ರಷ್ಷು ಸಹ ಬೇರೆ ಇರಲಿ.

ಹೊಸ ಜಾಗದಲ್ಲಿ ಹಸಿವಿಲ್ಲ ಅನ್ನುವಂತೇನೂ ಇರಲಿಲ್ಲ. ಗ್ವಾದಲಿಗೆ, ಅಂದರೆ ಮೇವಿನ ತೊಟ್ಟಿಗೆ, ಮುಖ ಹಾಕಿದರೆ ತೆಗೆಯುತ್ತಿರಲಿಲ್ಲ. ಆದರೆ ಬೆಳಿಗ್ಗೆ ಶಹಾಬಾದ್ ಫರಸಿಕಲ್ಲಿನ ನೆಲದ ಮೇಲೆ ಹೆಬ್ಬೆರಳು ಗಾತ್ರದ ಹುಲ್ಲಿನ ಉಂಡೆಗಳು ಬಿದ್ದಿರುತ್ತಿದ್ದವು. ಅರ್ಧ ಅಗಿದು, ಜೊಲ್ಲಿನಲ್ಲಿ ತೊಯ್ದು, ನುಂಗಲಾಗದೆ ಉಗುಳಿದ್ದು. ಲದ್ದಿ ಒಡೆದು ನೋಡಿದರೆ ಕಣಿಕಿ ಚೂರು ಬೆರಳುದ್ದ ಹಾಗೇ ಇತ್ತು. ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಸಾಹೇಬರು ಬಾಯಿಗೆ ಕಬ್ಬಿಣದ ಸಾಧನ ಕೊಟ್ಟು ಅಗಲಿಸಿ, ಬ್ಯಾಟರಿ ಹಿಡಿದು, "ಬರ್ರಿ, ನೀವೇ ಕೈ ಹಚ್ಚಿ ನೋಡ್ರಿ" ಅಂದರು. ಮೇಲಿನ ದವಡೆಯ ಹೊರ ಅಂಚು ಗರಗಸದ ಹಲ್ಲಿನ ಹಾಗೆ ಚೂಪಾಗಿತ್ತು, ಕೆನ್ನೆಯ ಒಳಗೆ ಹುಣ್ಣು. ಕುದುರೆಯ ಹಲ್ಲು ಬಹುಕಾಲ ಹೊರಗೆ ಬರುತ್ತಲೇ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ, ಹಾಗಾಗಿ ಸವೆಯದ ಅಂಚು ಮೊನೆಯಾಗುತ್ತದೆ. ಉದ್ದ ಅರದಿಂದ ತಿಕ್ಕಿ ಸಮ ಮಾಡಿದರು. ಅಂಥ ಬಾಯಿಗೆ ಮೂಟೆಗಟ್ಟಲೆ ಕಡಲೆ ಸುರಿದರೂ ಎಷ್ಟು ಒಳಗೆ ಹೋದೀತು?

ರಕ್ತದಲ್ಲಿ ಸರ್ರಾ ಇದೆಯೋ ಅಂತಲೂ ನೋಡಿಸಿದೆ. ಕುದುರೆನೊಣ ಕಚ್ಚಿ ಹರಡುವ ರೋಗ ಇದು. ಜ್ವರ ಬಂದು ಬಂದು ಹೋಗುತ್ತದೆ, ಕಾಲಿಗೆ, ಹೊಟ್ಟೆಯಡಿ ಬಾವು ಬರುತ್ತದೆ, ತಿಂದರೂ ಕುದುರೆ ಕರಗುತ್ತಾ ಹೋಗುತ್ತದೆ. ನಮ್ಮದಕ್ಕೆ ಇರಲಿಲ್ಲ. ಲದ್ದಿಯಲ್ಲಿ ಜಂತಿನ ಮೊಟ್ಟೆ ಮಾತ್ರ ಸಿಕ್ಕವು. ನಾನು ಅಂದೇ ಔಷಧ ಕೇಳಿದೆ, ಸಾಹೇಬರು ಕೊಡಲಿಲ್ಲ. ನಿತ್ರಾಣವಾದ ಕುದುರೆಯ ಹೊಟ್ಟೆಯಲ್ಲಿ ಜಂತು ಒಮ್ಮೆಲೇ ಸತ್ತರೆ ಅದೂ ಶೂಲೆಗೆ ದಾರಿ, ಸ್ವಲ್ಪ ಚೇತರಿಸಲಿ ಅಂದರು. ಔಷಧದ ಪ್ರಮಾಣಕ್ಕೂ ತೂಕವೇ ಆಧಾರ, ಟೇಪಿನ ಲೆಕ್ಕ ಅಲ್ಲಿ ಕೆಲಸಕ್ಕೆ ಬಂತು.

ಇನ್ನು ಮೇವು. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು, ಹೆಚ್ಚೆಂದರೆ 15 ಲೀಟರ್. ಎಮ್ಮೆಯ ಹಾಗೆ ಮೆಲುಕು ಹಾಕುವುದಿಲ್ಲ, ವಾಂತಿಯೂ ಮಾಡಲಾರದು. ನಾರು ಕರಗಿ ಶಕ್ತಿಯಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಸೂಕ್ಷ್ಮಜೀವಿಗಳಿಂದ. ಕಾಳು ಒಮ್ಮೆಲೇ ಹೆಚ್ಚಾದರೆ ಅರಗದ ಪಿಷ್ಟ ಅಲ್ಲಿಗೆ ಜಾರಿ ಹುಳಿಯಾಗುತ್ತದೆ, ಆ ಜೀವಿಗಳು ಸಾಯುತ್ತವೆ. ಅಲ್ಲಿಂದ ಶೂಲೆ, ಅಲ್ಲಿಂದಲೇ ಗೊರಸಿನ ಉರಿಯೂತ. ಎಷ್ಟೋ ದಿನ ಉಪವಾಸ ಬಿದ್ದ, 1ರ ಅಂಕದ ಕುದುರೆಗೆ ಅಪಾಯ ಇನ್ನೂ ದೊಡ್ಡದು. ಕಾಳು ತಿಂದ ಕೂಡಲೇ ರಕ್ತದ ರಂಜಕ (ಫಾಸ್ಫರಸ್), ಮೆಗ್ನೀಸಿಯಂ ಜೀವಕೋಶದೊಳಗೆ ಎಳೆದುಹೋಗಿ ಮೂರು-ನಾಲ್ಕು ದಿನದಲ್ಲಿ ಕುದುರೆ ಸತ್ತೇಹೋಗಬಹುದು. ಅಂಥದಕ್ಕೆ ಮೊದಲ ವಾರ ಡಾಕ್ಟರ ಕೈಕೆಳಗೆ ಕುದುರೆ ಮಸಾಲೆ ಎಂಬ ಮೇವಿನ ಬೆಳೆಯ ಒಣಸೊಪ್ಪನ್ನು ಸ್ವಲ್ಪಸ್ವಲ್ಪವೇ ನಾಲ್ಕು ತಾಸಿಗೊಮ್ಮೆ ಕೊಡುತ್ತಾರೆ.

ನಾನು ಲೆಕ್ಕ ಹಿಡಿದದ್ದು ಮೈತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲು ಒಣ ಆಹಾರ, ಅಂದರೆ ದಿನಕ್ಕೆ 6 ಕೆ.ಜಿ. ಆಸುಪಾಸು. ಅದರಲ್ಲಿ ಮುಕ್ಕಾಲು ಭಾಗ ಮೇವೇ. ಹಿಂಗಾರಿ ಮಾಲದಂಡಿ ಜೋಳದ ಕಣಿಕಿ ನಮ್ಮ ಬಣವಿಯಲ್ಲಿತ್ತು. ದಂಟು ಸಣ್ಣ, ರುಚಿ ಹೆಚ್ಚು. ಸೋಯಾಬೀನು, ತೊಗರಿ ಹೊಲ ತುಂಬಿದ ಮೇಲೆ ಒಳ್ಳೆ ಕಣಿಕಿ ಸಿಗುವುದೇ ಕಷ್ಟವಾಗಿದೆ, ಸುಗ್ಗಿಯಲ್ಲೇ ತೆಗೆದಿಡಿ. ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ, ಕರಕಿ ಒಣಹುಲ್ಲಿನ ಜೊತೆ ಕಲೆಸಿ ಹಾಕಿದೆ. ಎಳೆ ಹಸಿ ಜೋಳವನ್ನು ಮಾತ್ರ ಕುದುರೆಯ ಹತ್ತಿರ ಬಿಡಬೇಡಿ. ದನ ಸಾಯುವ ವಿಷ ಅದರಲ್ಲಿದೆ ಅಂತ ಎಲ್ಲ ರೈತರಿಗೂ ಗೊತ್ತು. ಕುದುರೆ ದಿನಾ ಮೇದರೆ ಉಚ್ಚೆಯ ಮೇಲೆ ಹಿಡಿತ ತಪ್ಪುತ್ತದೆ, ಹಿಂಗಾಲು ತೂರಾಡುತ್ತವೆ.

ಕಣಿಕಿ ಹೊಟ್ಟೆ ತುಂಬಿಸುತ್ತದೆ, ಸ್ನಾಯು ಬೆಳೆಯಲು ಬೇಕಾದ ಪ್ರೋಟೀನು ಅದರಲ್ಲಿಲ್ಲ. ಆ ಕೊರತೆ ತುಂಬುವುದು ಕುದುರೆ ಮಸಾಲೆ, ಅಂಗಡಿಯವರು ಲೂಸರ್ನ್ ಅನ್ನುತ್ತಾರೆ. ಬಾವಿ ಪಕ್ಕದ ಮಡಿಯಲ್ಲಿ ಆರ್‌ಎಲ್ 88 ತಳಿ ಹಾಕಿದೆ. ಮೊದಲ ಕೊಯ್ಲಿಗೆ ಎರಡು ತಿಂಗಳು ಹಿಡಿಯುತ್ತದೆ, ಆಮೇಲೆ ತಿಂಗಳಿಗೊಮ್ಮೆ ಬರುತ್ತಲೇ ಇರುತ್ತದೆ. ಅಲ್ಲಿವರೆಗೆ ಕೊಂಡು ತಂದೆ. ಬೆಳಿಗ್ಗೆ ಕೊಯ್ದದ್ದನ್ನು ಬಾಡಿಸಿ ಸಂಜೆ ಹಾಕುವುದು ನನ್ನ ಪದ್ಧತಿ, ಒದ್ದೆ ಸೊಪ್ಪು ರಾಶಿ ಸುರಿದರೆ ಹೊಟ್ಟೆಯುಬ್ಬರ. ಒಂದು ಬುಟ್ಟಿಯಿಂದ ಶುರು ಮಾಡಿ ದಿನಕ್ಕೆ 8 ಕೆ.ಜಿ. ಹಸಿ ಸೊಪ್ಪಿಗೆ ಬಂದು ನಿಂತೆ. ಹಸಿಯಲ್ಲಿ ಐದನೇ ನಾಲ್ಕು ಪಾಲು ನೀರೇ ಇರುವುದರಿಂದ ಒಣಲೆಕ್ಕಕ್ಕೆ ಅದು ಒಂದೂವರೆ ಕೆ.ಜಿ. ಮಾತ್ರ.

ರಾತ್ರಿ ಮೇವಿನ ಬಗ್ಗೆ ಒಂದು ಮಾತು. ಸಂಜೆ ಏಳಕ್ಕೆ ಹಾಕಿದ್ದು ಹತ್ತಕ್ಕೆ ಮುಗಿದರೆ, ಬೆಳಗಿನವರೆಗೆ ಖಾಲಿ ಹೊಟ್ಟೆಯಲ್ಲಿ ಆಮ್ಲ ಇಳಿಯುತ್ತಲೇ ಇರುತ್ತದೆ, ಹುಣ್ಣಾಗುತ್ತದೆ. ನಾನು ಮಲಗುವ ಮುಂಚೆ ಇನ್ನೊಮ್ಮೆ ಗ್ವಾದಲಿ ತುಂಬಿದೆ, ಬೆಳಿಗ್ಗೆ ಹಿಡಿಯಷ್ಟಾದರೂ ಉಳಿದಿರಬೇಕು ಅಂತ ನೇಮ ಇಟ್ಟುಕೊಂಡೆ. ಪರೀಕ್ಷೆ ಮುಗಿದು ಜೊತೆಗೆ ಕಟ್ಟಿದ ಮೇಲೆ ಮನೆಯ ಹಳೆಯ ಕಂದು ಕುದುರೆ ಹಗ್ಗ ಜಗ್ಗಿ ಇದರ ಗ್ವಾದಲಿಗೂ ಬಾಯಿ ಹಾಕುತ್ತಿತ್ತು. ಕಿವಿ ಹಿಂದೆ ಮಾಡಿದರೆ ಸಾಕು, ಬಿಳಿಯದು ಹಿಂದೆ ಸರಿಯುತ್ತಿತ್ತು. ನಡುವೆ ಅಡ್ಡ ಕಟ್ಟಿಗೆ ಹಾಕಿದ ಮೇಲೆ ಅದರ ಪಾಲು ಅದಕ್ಕೆ ಸಿಕ್ಕಿತು. ಎಷ್ಟೋ ಬಡಕಲು ಕುದುರೆಗಳ ರೋಗ ಪಕ್ಕದ ಗೂಟದಲ್ಲಿರುತ್ತದೆ ಅಂತ ನನಗೆ ಅನಿಸುತ್ತದೆ.

ಬಾಯಿ ಹುಣ್ಣು ಮಾಗಿ, ಲದ್ದಿ ಗಟ್ಟಿಯಾಗಿ ಬಂದ ಮೇಲೆ ಬಾಯಿಗೆ ತೋಬ್ರಾ, ಅಂದರೆ ಕಾಳಿನ ಚೀಲ, ಕಟ್ಟಿದೆ. ರಾತ್ರಿ ನೆನೆಸಿದ ಕಡಲೆ, ಬೇಯಿಸಿದ ಹುರುಳಿ, ನುಚ್ಚು ಮಾಡಿದ ಜವೆಗೋಧಿ (ಬಾರ್ಲಿ). ಮೊದಲು ಹೊತ್ತಿಗೆ ಒಂದು ಹಿಡಿ, ಕೊನೆಗೆ ಒಣಗಾಳಿನ ಲೆಕ್ಕದಲ್ಲಿ ಅರ್ಧ ಕೆ.ಜಿ.ಯಂತೆ ದಿನಕ್ಕೆ ಮೂರು ಹೊತ್ತು. ಒಂದು ಹೊತ್ತಿಗೆ ಮೈತೂಕದ ನೂರಕ್ಕೆ ಅರ್ಧ ಪಾಲು ದಾಟಬಾರದು ಅನ್ನುವ ಮಿತಿಯಿದೆ, ನಾನು ಅದರ ಅರ್ಧಕ್ಕೂ ಹೋಗಲಿಲ್ಲ. ಸೋಯಾ ಎಣ್ಣೆ ಎರಡು ಚಮಚದಿಂದ ಏರಿಸಿ 150 ಮಿ.ಲೀ.ಗೆ ತಂದೆ. ಎಣ್ಣೆಯಲ್ಲಿ ಪಿಷ್ಟವಿಲ್ಲ, ಕುದುರೆಯ ತಲೆಗೆ ಬಿಸಿ ಏರಿಸದೆ ಶಕ್ತಿ ಕೊಡುತ್ತದೆ. ಮೆರವಣಿಗೆಯ ಕುದುರೆಗೆ ಇದು ಮುಖ್ಯ. ಉಪ್ಪು ದಿನಕ್ಕೆ 30 ಗ್ರಾಂ, ನೀರು ಹೊತ್ತುಹೊತ್ತಿಗೆ ತೊಳೆದ ಬಕೆಟ್ಟಿನಲ್ಲಿ.

ಗೋಧಿ ಬೂಸಾವನ್ನು ನಮ್ಮವರು ಅಮೃತ ಅಂತ ತಿಳಿದಿದ್ದಾರೆ. ಅದರಲ್ಲಿ ಸುಣ್ಣಕ್ಕಿಂತ (ಕ್ಯಾಲ್ಸಿಯಂಗಿಂತ) ರಂಜಕ ಎಂಟು-ಹತ್ತು ಪಟ್ಟು ಇದೆ. ದಿನಾ ಬಕೆಟ್ಟುಗಟ್ಟಲೆ ಹಾಕಿದರೆ ಎಲುಬಿನ ಸುಣ್ಣ ಕರಗಿ ಮುಖದ ಎಲುಬು ಊದುತ್ತದೆ. ನೇಪಿಯರ್ ಹುಲ್ಲನ್ನೇ ಪೂರ್ತಿ ನೆಚ್ಚಿದರೂ ಅದೇ ಗತಿ, ಅದರ ಆಕ್ಸಲೇಟು ಸುಣ್ಣವನ್ನು ಹಿಡಿದಿಡುತ್ತದೆ. ದಾಲ್ ಮಿಲ್ಲಿನ ತೊಗರಿ ಹೊಟ್ಟು ಅಗ್ಗ, ಸ್ವಲ್ಪ ಬೆರೆಸಬಹುದು, ಬೂಷ್ಟು ಹಿಡಿದಿರಬಾರದು ಅಷ್ಟೇ. ಬೂಷ್ಟು ಹಿಡಿದ ಮೆಕ್ಕೆಜೋಳ ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಕೋಳಿ ಆಹಾರದ ಚೀಲವಂತೂ ಲಾಯದೊಳಗೆ ಬರಲೇಬಾರದು. ಅದಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಒಗ್ಗುತ್ತದೆ, ಕುದುರೆಯ ಹೃದಯ ನಿಲ್ಲಿಸುತ್ತದೆ. ದನದ ಪಶು ಆಹಾರದಲ್ಲೂ ಅದು ಇರಬಹುದು, ಚೀಟಿ ಓದದೆ ಹಾಕಬೇಡಿ.

ಮೊದಲ ತಿಂಗಳು ಟೇಪು ಹೆಚ್ಚೇನೂ ಅಲ್ಲಾಡಲಿಲ್ಲ. ಕೂದಲು ಮಾತ್ರ ಉದುರಿ ಹೊಳಪು ಬಂತು. ಆಮೇಲೆ ಏರತೊಡಗಿತು. 500 ಕೆ.ಜಿ. ಕುದುರೆ ಒಂದು ಅಂಕ ಏರಲು 16ರಿಂದ 20 ಕೆ.ಜಿ. ಮೈ ಬೇಕಂತೆ, ಎಂಟು ದಿನದ ಮಾತು ಎಲ್ಲಿಂದ ಬರಬೇಕು? ನಡುವೆ ಮದುವೆ ಸೀಸನ್ ಬಂತು. ಬ್ಯಾಂಡಿನ ಗೆಳೆಯ, "ಮಾಮಾ, ಜರಿ ಜೂಲಾ ಹೊದಿಸಿದ್ರ ಎಲುಬು ಯಾರಿಗೆ ಕಾಣ್ತದ? ಎರಡು ತಾಸಿಂದು ಕೆಲಸ" ಅಂದ. ಮಾಂಸವಿಲ್ಲದ ಬೆನ್ನಿನ ಮೇಲೆ ಜೀನು ಕೂತರೆ ಹೆಗಲ ಗಂಟು ಉಜ್ಜಿ ಹುಣ್ಣಾಗುತ್ತದೆ, ಅದು ಮಾಗುವಷ್ಟರಲ್ಲಿ ಮುಂದಿನ ಸೀಸನ್ ಬರುತ್ತದೆ. ಕಳಿಸಲಿಲ್ಲ. ಬೆಳಿಗ್ಗೆ ಹಗ್ಗ ಹಿಡಿದು ಹೊಲದ ದಾರಿಯಲ್ಲಿ ನಡೆಸಿದೆ, ಇಲ್ಲವಾದರೆ ಬರುವುದೆಲ್ಲ ಬರೀ ಹೊಟ್ಟೆಯ ಕೊಬ್ಬು.

ಮಿರಗದ ಮಳೆ ಹೊತ್ತಿಗೆ ಸುತ್ತಳತೆ 157ಕ್ಕೆ ಬಂತು, ಲೆಕ್ಕ ಹಾಕಿದರೆ 290 ಕೆ.ಜಿ. ಒತ್ತಿದರೆ ಪಕ್ಕೆ ಸಿಗುತ್ತದೆ, ನೋಡಿದರೆ ಕಾಣುವುದಿಲ್ಲ. ಅಂಕ 5 ಅನ್ನಬಹುದು. ಈಗ ಎಣ್ಣೆಯನ್ನು ಇಳಿಸುತ್ತಾ ನಿಲ್ಲಿಸಿದ್ದೇನೆ, ಕಾಳು ಎರಡು ಹೊತ್ತಿಗೆ ಬಂದಿದೆ, ಕಣಿಕಿ ಮತ್ತು ಮಸಾಲೆ ಮೊದಲಿನಷ್ಟೇ. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿ ಅಂದಿದ್ದಾರೆ ಸಾಹೇಬರು, ಕಂದು ಕುದುರೆಯನ್ನೂ ಜೊತೆಗೇ ಕರೆದೊಯ್ಯುತ್ತೇನೆ.