ಸರಪಳಿ ಬಿಚ್ಚಿದ ಮೇಲೆ ಕಾಯತೊಡಗಿದ ನಾಯಿ

ಜೇವರ್ಗಿ ಕಡೆಯ ನಮ್ಮ ಹೊಲದ ಮನೆಗೆ ಮೂರು ವರ್ಷದ ಹಿಂದೆ ಗ್ರೇಟ್ ಡೇನ್ ಮರಿ ತಂದದ್ದು ತೊಗರಿ ರಾಶಿ ಕಾಯಲೆಂದು. ಹೆಣ್ಣು ಮರಿ. ಹೊಳೆಯ ಹೆಸರನ್ನೇ ಇಟ್ಟೆವು, ಭೀಮಾ. ಆರು ತಿಂಗಳಾಗುತ್ತಲೇ ಅಂಗಳದ ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ರಾತ್ರಿಯಿಡೀ ಕುಂಯ್‌ಗುಟ್ಟುತ್ತಿತ್ತು, ತಟ್ಟೆ ಮೂಸಿ ಸುಮ್ಮನಾಗುತ್ತಿತ್ತು, ಹೊಸಬರು ಬಂದರೆ ಮರದ ಹಿಂದೆ ಸರಿಯುತ್ತಿತ್ತು. "ಆನೆಯಂಥ ಮೈ, ಇಲಿಯಂಥ ಎದೆ" ಎಂದು ಅಪ್ಪ ಬೇಸರಪಟ್ಟರು.

ಉತ್ತರ ಸಿಕ್ಕಿದ್ದು ತಳಿಯ ಚರಿತ್ರೆಯಲ್ಲಿ. ಹೆಸರಿನಲ್ಲಿ ಡೇನ್ (ಡೆನ್ಮಾರ್ಕಿನವ) ಇದ್ದರೂ ಇದನ್ನು ರೂಪಿಸಿದವರು ಜರ್ಮನರು. ಮ್ಯಾಸ್ಟಿಫ್‌ನಂಥ ಭಾರಿ ನಾಯಿಗೂ ಗ್ರೇಹೌಂಡ್‌ನಂಥ ಓಟದ ನಾಯಿಗೂ ಕೂಡಿಸಿ ಕಾಡುಹಂದಿ ಬೇಟೆಗೆ ಬೆಳೆಸಿದರು. 1878ರಲ್ಲಿ ಬರ್ಲಿನ್‌ನಲ್ಲಿ 'ಡಾಯ್ಚ ಡಾಗ', ಅಂದರೆ ಜರ್ಮನ್ ಮ್ಯಾಸ್ಟಿಫ್, ಎಂಬ ಹೆಸರೇ ಗಟ್ಟಿಯಾಯಿತು. ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ: ಇವುಗಳಲ್ಲಿ ಚೆಲುವಾದವನ್ನು ದೊರೆಗಳು ರಾತ್ರಿ ತಾವು ಮಲಗುವ ಕೋಣೆಯಲ್ಲೇ ಇರಿಸಿಕೊಳ್ಳುತ್ತಿದ್ದರು, ನಿದ್ದೆಯಲ್ಲಿ ಕೊಲ್ಲಲು ಬರುವವರಿಂದ ಕಾಪಾಡಲೆಂದು. ಮನುಷ್ಯರ ಮಗ್ಗುಲಲ್ಲಿದ್ದು ಕಾಯುವ ಜೀವವನ್ನು ನಾನು ಒಂಟಿಯಾಗಿ ಕಟ್ಟಿಹಾಕಿದ್ದೆ.

ಅಂದೇ ಸರಪಳಿ ಬಿಚ್ಚಿದೆ. ಪಡಸಾಲೆಯ ಶಹಾಬಾದ್ ಕಲ್ಲು ನಮ್ಮ ಬೇಸಿಗೆಗೆ ತಂಪೇನೋ ಹೌದು, ಆದರೆ ಇಷ್ಟು ಭಾರದ ನಾಯಿಗೆ ಗಟ್ಟಿ ನೆಲದಲ್ಲಿ ಮೊಣಕೈ ಜಡ್ಡುಗಟ್ಟುತ್ತದೆ. ಅವ್ವ ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ತಿರುಗಾಟ ಹೊತ್ತು ಹುಟ್ಟುವ ಮೊದಲೇ ಮುಗಿಯಬೇಕು. ಬೇಗ ಬೆಳೆಯಲೆಂದು ಕ್ಯಾಲ್ಸಿಯಂ ಪುಡಿ ತಿನ್ನಿಸಲೇಬಾರದು. ಅವಸರದ ಬೆಳವಣಿಗೆ ಎಲುಬು, ಕೀಲುಗಳನ್ನು ಕೆಡಿಸುತ್ತದೆ. ನನಗೆ ಇಂದಿಗೂ ಭಯವಿರುವುದು ಹೊಟ್ಟೆಯುಬ್ಬರದ್ದು. ಈ ತಳಿಯಲ್ಲಿ ಜಠರ ಉಬ್ಬಿ ತಿರುಚಿಕೊಂಡರೆ ಕೆಲವೇ ತಾಸುಗಳಲ್ಲಿ ಜೀವ ಹೋಗುತ್ತದೆ. ಅದಕ್ಕೇ ಒಮ್ಮೆಗೇ ಹೊಟ್ಟೆ ತುಂಬ ಉಣಿಸುವುದಿಲ್ಲ, ಉಂಡ ಮೇಲೆ ಓಡಿಸುವುದಿಲ್ಲ. ಹೊಟ್ಟೆ ಬಿಗಿದು, ವಾಂತಿಯಾಗದೆ ಬರೀ ಓಕರಿಸುತ್ತಿದ್ದರೆ ಬೆಳಗಾಗಲಿ ಎನ್ನಬೇಡಿ, ಆ ಕ್ಷಣವೇ ಪಶುವೈದ್ಯರ ಬಳಿಗೆ ಹೊರಡಿ.

ಹೋದ ಸಲ ರಾಶಿ ಕಣದಲ್ಲಿದ್ದಾಗ ನಡುರಾತ್ರಿ ಯಾರೋ ಇಬ್ಬರು ಬೇಲಿ ದಾಟಿದರು. ಭೀಮಾ ಕೌದಿಯಿಂದೆದ್ದು ಹೊಸ್ತಿಲು ದಾಟಿ ಅಂಗಳದ ನಡುವೆ ನಿಂತಿತು. ಅದರ ಬೆನ್ನು ನನ್ನ ತೊಡೆಯ ಮೇಲಕ್ಕೆ ಬರುತ್ತದೆ. ಬೊಗಳಿದ್ದು ಒಂದೇ ಸಲ, ಬಾವಿಯೊಳಗಿಂದ ಬಂದಂಥ ದನಿ. ಬಂದವರು ಬಂದ ದಾರಿಯಲ್ಲೇ ಓಡಿದರು. ಅಟ್ಟಿಸಿಕೊಂಡು ಹೋಗದೆ, ಒಳಗೆ ಬಂದು ಅಪ್ಪನ ಹೊರಸಿನ ಮೇಲೆ ಗದ್ದ ಊರಿತು.

ಅಂದಿನಿಂದ ಅಪ್ಪ ಅದರ ತಲೆಯ ಮೇಲೆ ಕೈಯಿಟ್ಟೇ ಮಲಗುತ್ತಾರೆ. ಈ ತಳಿಯ ಆಯುಷ್ಯ ಸಾಮಾನ್ಯವಾಗಿ ಎಂಟು–ಹತ್ತು ವರ್ಷ. ಅದನ್ನು ನಾನಿನ್ನೂ ಅವರಿಗೆ ಹೇಳಿಲ್ಲ.